ನೇರಳೆ ಗರಿಯ ಭತ್ತ

ಬಹಳ ಹಿಂದೆ, ಕೆರೆಗಳೇ ತುಂಬಿದ್ದ ಒಂದು ರಾಜ್ಯದಲ್ಲಿ ಕೆಂಚಿ ಎಂಬ ಬೇಸಾಯದ ಹೆಣ್ಣುಮಗಳಿದ್ದಳು. ಅವಳ ಗಂಡ ಸಿಂಗ ನಗುಮೋರೆಯವನು. ಒಮ್ಮೆ ಆಸ್ಥಾನದ ಮಾಟಗಾರ ತನ್ನ ಹಳದಿ ಗಡ್ಡ ನೀವಿಕೊಳ್ಳುತ್ತ ಬರುವಾಗ ಸಿಂಗ ತಡೆಯಲಾರದೆ ನಕ್ಕುಬಿಟ್ಟ. ಮಾಟಗಾರ ಅವನನ್ನು ನಿಂತಲ್ಲೇ ಕೊಕ್ಕರೆ ಮಾಡಿದ.

ಕೆಂಚಿ ಮಾಟಗಾರನ ಕಾಲಿಗೆ ಬಿದ್ದಳು.

“ನಿನ್ನ ಗದ್ದೆಯ ಭತ್ತವನ್ನೆಲ್ಲ ಕೊಯ್ದು ಅರಮನೆ ಬಾಗಿಲಿಗೆ ತಾ. ಒಂದೂ ಕಾಳು ಉದುರಬಾರದು. ಅವತ್ತೇ ಅವನು ಮನುಷ್ಯನಾಗ್ತಾನೆ,” ಎಂದ ಅವನು.

ಇಷ್ಟೇನಾ ಅಂದುಕೊಂಡಳು ಕೆಂಚಿ. ಬಿತ್ತಿದಳು, ಬೆಳೆದಳು. ಕುಡುಗೋಲು ತಾಗುವ ಮೊದಲೇ ಅರ್ಧ ಬೆಳೆ ಕೆಸರಿಗೆ ಉದುರಿತು.

ಅವಳ ಅತ್ತೆ ಹೇಳಿದಳು: “ಕೆರೆ ಅಂಚಲ್ಲಿ ಕಾಡುಭತ್ತ ಐತಲ್ಲ, ಅದೂ ನಮ್ ಭತ್ತಾನೂ ಒಂದೇ ಕುಲ. ಹೂ ಬಿಟ್ಟಾಗ ಗಾಳೀಲಿ ಕೂಡ್ತವೆ. ಹುಟ್ಟಿದ ಪೈರು ನೋಡಾಕೆ ನಮ್ಮದು, ಗುಣ ಕಾಡಿಂದು. ಕೊಯ್ಯೋಕೆ ಮುಂಚೇನೇ ಕಾಳು ಉದುರಿಸ್ತದೆ. ನಿನ್ ತವರಿನ ನೇರಳೆ ಗರಿ ಭತ್ತ ಬಿತ್ತು, ಅದರ ಎಲೇನೇ ನೇರಳೆ. ಹಸಿರಾಗಿ ಕಂಡಿದ್ದೆಲ್ಲ ಕಳೆ, ಕಿತ್ತಾಕು. ಕೆರೆ ಅಂಚಿಂದೂ ಬಿಡಬ್ಯಾಡ.”

ಎರಡನೆಯ ಸಲ ಕೆಂಚಿ ತವರಿನಿಂದ ಒಂದು ಹಿಡಿ ಬೀಜ ತಂದು ಬಿತ್ತಿದಳು. ಗದ್ದೆಯ ಹಸಿರನ್ನೆಲ್ಲ ಕಿತ್ತಳು. ಕೆರೆ ಅಂಚಿಗೆ ಮಾತ್ರ ಕೈ ಹಾಕಲಿಲ್ಲ. ಸಂಜೆಯಾದರೆ ಸಿಂಗ ಆ ಕಾಡುಭತ್ತದ ನಡುವೆ ಬಂದು ನಿಲ್ಲುತ್ತಿದ್ದ. ಅವಳು ದಂಡೆಯಲ್ಲಿ ಕೂತು ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಅವನು ಕತ್ತು ಓರೆ ಮಾಡಿ ಕೇಳುತ್ತಿದ್ದ. ಅಷ್ಟಾದರೂ ಇರಲಿ ಅಂತ ಅವಳ ಜೀವ ಹಂಬಲಿಸುತ್ತಿತ್ತು. ಬಂದ ಬೆಳೆ ಬೀಜಕ್ಕಷ್ಟೇ ಸಾಕಾಯಿತು. ಮೂರನೆಯ ಸಲ ಅದನ್ನೇ ಗದ್ದೆ ತುಂಬ ಬಿತ್ತಿದಳು. ಪೈರೆಲ್ಲ ನೇರಳೆ. ಕೀಳಲು ಏನೂ ಕಾಣಲಿಲ್ಲ. ತೆನೆ ಮಾತ್ರ ಮುಟ್ಟಿದರೆ ಉದುರಿತು.

“ಹೋದ್ ಸಲ ಕೆರೆ ಅಂಚಿಂದು ಹೂವಲ್ಲಿ ಕೂಡಿ, ಕಾಡಿಂದು ನಿನ್ ನೇರಳೇನೂ ಉಟ್ಕೊಂಡು ಕೂತದೆ,” ಎಂದಳು ಅತ್ತೆ. “ಕಳೆ ಸಾಕ್ತಾ ಗಂಡನ್ನ ಕಾಯ್ತಿದ್ದೀಯ ಮಗಳೆ.”

ಕೆಂಚಿ ಅತ್ತಳು. ಮತ್ತೆ ತವರಿಗೆ ಹೋಗಿ, ಅಣ್ಣನನ್ನು ಕಾಡಿ ಬೇಡಿ ಗದ್ದೆಗಾಗುವಷ್ಟು ಹೊಸ ಬೀಜ ತಂದಳು. ಬಿತ್ತಿದ ಮೇಲೆ ಸೊಂಟದುದ್ದ ನೀರಿಗಿಳಿದು ಕಾಡುಭತ್ತವನ್ನು ಬೇರು ಸಮೇತ ಕೀಳತೊಡಗಿದಳು. ಕೊಕ್ಕರೆ ನೋಡುತ್ತ ನಿಂತಿತ್ತು. ಕೊನೆಯ ಬುಡವನ್ನು ಕಿತ್ತಾಗ ಅದು ರೆಕ್ಕೆ ಬಿಚ್ಚಿ ಬೆಟ್ಟದಾಚೆ ಹಾರಿಹೋಯಿತು. ಮರಳಿ ಬರಲಿಲ್ಲ. ಆಮೇಲೆ ಪ್ರತಿ ಸಂಜೆ ಅವಳು ಬರಿ ನೀರನ್ನೇ ನೋಡುತ್ತಿದ್ದಳು. ಹಗಲು ಗದ್ದೆಯಲ್ಲಿ ಕಂಡ ಹಸಿರನ್ನು ಬಿಡದೆ ಕೀಳುತ್ತಿದ್ದಳು.

ಈ ಸಲ ತೆನೆ ಬಾಗಿತು, ಉದುರಲಿಲ್ಲ. ಕೆಂಚಿ ಹೊರೆಗಳನ್ನು ಹೊತ್ತು ಅರಮನೆ ಬಾಗಿಲಿಗೆ ಒಟ್ಟಿದಳು. ಮಾಟಗಾರ ಒಂದೊಂದೇ ಹೊರೆ ಎತ್ತಿ ಕೊಡವಿದ. ಕಾಳು ಉದುರಲಿಲ್ಲ, ಅವನ ಗಡ್ಡವೇ ಉದುರಿತು. ಅವನ ಮಾಟವೆಲ್ಲ ಇದ್ದದ್ದು ಅದರಲ್ಲೇ. ಬರಿಗಲ್ಲದಲ್ಲಿ ಅವನು ರಾಜ್ಯ ಬಿಟ್ಟು ಓಡಿದ.

ಸಿಂಗ ಮಾತ್ರ ಬರಲಿಲ್ಲ. ಯಾವ ದೇಶದ ಕೆರೆಯಲ್ಲಿ ಮನುಷ್ಯನಾದನೋ ಯಾರಿಗೆ ಗೊತ್ತು. ಕೆಂಚಿ ಕಾದಳು. ಮಳೆಗಾಲ ಕಳೆದು ದಾರಿ ಒಣಗಿದ ಮೇಲೆ ಬಡಕಲಾದ ಗಂಡಸೊಬ್ಬ ನಡೆದು ಬಂದು ಅಂಗಳದಲ್ಲಿ ನಿಂತ.

“ನಾನು ನಿಲ್ಲೋ ಜಾಗಾನೇ ಕಿತ್ತಾಕ್ದೆ. ನಾನು ಬ್ಯಾಡವಾದೆ ಅಂತ ದೂರ ಹೋದೆ,” ಎಂದ ಸಿಂಗ.

“ಕೊಕ್ಕರೆಯಾಗಿದ್ರೂ ಸಾಕು ಅನ್ಸಿದ್ರೆ ಕೀಳ್ತಿರಲಿಲ್ಲ,” ಎಂದಳು ಕೆಂಚಿ. “ನಂಗೆ ನೀನು ಬೇಕಿತ್ತು.”

ಅವರು ಉಂಡುಟ್ಟು ಬಹುಕಾಲ ಬಾಳಿದರು. ಕಾಡುಭತ್ತ ವರ್ಷವರ್ಷವೂ ಚಿಗುರಿತು, ಇಬ್ಬರೂ ವರ್ಷವರ್ಷವೂ ಕಿತ್ತರು. ಕೀಳುತ್ತ ಕೀಳುತ್ತ ಸಿಂಗ ಮೈಮರೆತು ಒಂಟಿಕಾಲಲ್ಲಿ ನಿಂತುಬಿಡುತ್ತಿದ್ದ. ಆಗ ಕೆಂಚಿ ಕೆಲಸ ಬಿಟ್ಟು ಬಂದು ಅವನ ಕೈ ಹಿಡಿದುಕೊಳ್ಳುತ್ತಿದ್ದಳು.