ಒಳಕೋಣೆಯ ಹಲಸಿನ ಬಾಗಿಲು

"ಪೇಂಟ್ ಹೊಡೆ ತಮಾ, ಎಷ್ಟು ಬೇಕಾದ್ರೂ ಹೊಡೆ. ಹೆರೆಯೂದು ಮಾತ್ರ ಬೇಡ."

ಗಂಗೆ ಇದನ್ನು ಅಳಿಯನಿಗೆ ಹೇಳಿದ್ದು ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಗಿರೀಶ ನಕ್ಕ. ಭಟ್ಕಳದಲ್ಲಿ ಹದಿನೈದು ವರ್ಷ ಮರಕ್ಕೆ ಪಾಲಿಶ್ ಹೊಡೆದ ಕೈ ಅವನದು. ಹೆಂಡತಿ ವಿನುತಾಳಿಗೆ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು, ಐದು ವರ್ಷದ ಮಗಳು ಸ್ಮೃತಿಯನ್ನು ಕಟ್ಟಿಕೊಂಡು ಹೊಳನಗದ್ದೆಯ ಈ ಅತ್ತೆಮನೆಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಬಂದ ದಿನವೇ ಅವನ ಕಣ್ಣು ಒಳಕೋಣೆಯ ಬಾಗಿಲ ಮೇಲೆ ಬಿದ್ದಿತ್ತು. ಉಗುರಿನಿಂದ ಅಂಚು ಕೆರೆದು ನೋಡಿದ್ದ. ದಪ್ಪ ನೀಲಿ ಬಣ್ಣದ ಅಡಿಯಲ್ಲಿ ಹಲಸಿನ ಮರ ಜೇನಿನಂತೆ ಮಿಂಚಿತ್ತು.

"ಅತ್ತೆ, ಹಲಸಿಗೆ ಪೇಂಟ್ ಬಳಿಯೂದು ಅಂದ್ರೆ ಬಂಗಾರಕ್ಕೆ ಸೆಗಣಿ ಮೆತ್ತಿದಂಗೆ. ಹೆರೆದು ಅರಗಿನ ಪಾಲಿಶ್ ಹೊಡಿತೆ. ನಿಮ್ಮ ಮುಖ ಕಾಣ್ಬೇಕು ಅದ್ರಲ್ಲಿ."

"ನನ್ನ ಮುಖ ನಂಗೆ ಕಾಣೂದು ಬೇಡ."

ಮೂರನೆಯ ಸಲ ಹೇಳುವಾಗ ಗಂಗೆ ಸುತ್ತಮುತ್ತ ನೋಡಿ, ಬಾಗಿಲಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು. ವಿನುತಾ ಹುಟ್ಟುವ ಮೊದಲು ಅವಳಿಗೊಬ್ಬ ಮಗನಿದ್ದ. ತಿಮ್ಮ. ನಾಲ್ಕು ವರ್ಷಕ್ಕೆ ಜ್ವರ ಬಂತು, ಏಳನೆಯ ದಿನ ಕಣ್ಣು ಮೇಲಾಯಿತು.

"ಬಿಡ್ಲಿಕ್ಕೆ ಆಗ್ಲಿಲ್ಲ ತಮಾ ನಂಗೆ. ಹೊಳೆಯಾಚೆ ಬೀರಪ್ಪ ಅಂತ ಇದ್ದ, ಮಾಟ ಬಲ್ಲವ. ಕರೆಸಿ, ಹೋಗೂ ಉಸಿರನ್ನ ಈ ಬಾಗಿಲಿಗೆ ಮೊಳೆ ಹೊಡೆದು ಕಟ್ಟಿಸ್ದೆ. ಅಂವ ಹೇಳಿದ್ದ, ಮಗು ಎಲ್ಲೂ ಹೋಗೂದಿಲ್ಲ, ಆದ್ರೆ ಮೊಳೆ ಹೊಡೆದ ಮೇಲೆ ಬರೂ ಮಾಲಯ ಅಮಾಸೆಯಿಂದ ಕರೆತದೆ. ಕರೆದಾಗ ಓಗೊಟ್ಟವ್ರು ಅದರ ಸಂಗ್ತಿಗೆ ಬಾಗಿಲೊಳಗೆ ಸೇರ್ತಾರೆ. ಮಾಲಯ ಅಮಾಸೆಗೆ ಒಂದು ಕೈ ಪೇಂಟ್ ಹೊಡೆದ್ರೆ ಒಂದು ವರ್ಷ ಕರೆ ಕೇಳೂದಿಲ್ಲ ಅಂತ."

"ಹಂಗಾದ್ರೆ ಆ ಬೀರಪ್ಪನ್ನ ಪೇಂಟ್ ಕಂಪನಿಯವ್ರೇ ಕಳಿಸಿರ್ಬೇಕು," ಎಂದ ಗಿರೀಶ.

ಗಂಗೆ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಸೆರಗಿನ ತುದಿಯನ್ನು ಬಾಯೊಳಗಿಟ್ಟು ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಮೂವತ್ತೆರಡು ವರ್ಷ ಪ್ರತಿ ಮಾಲಯ ಅಮಾವಾಸ್ಯೆಗೂ ಅವಳು ಬೆಳಿಗ್ಗೆ ಬಾಗಿಲಿಗೆ ಬಣ್ಣ ಹಚ್ಚಿ, ಅದು ಆರುವ ತನಕ ಎದುರಿಗೆ ಕೂತು ಗಟ್ಟಿ ದನಿಯಲ್ಲಿ ದೇವರ ಪದ್ಯ ಹೇಳುತ್ತಿದ್ದಳು. ಕೇರಿಯವರು ಅದನ್ನು ಭಕ್ತಿ ಎಂದುಕೊಂಡಿದ್ದರು. ಹೇಳದಿದ್ದರೆ ಏನು ಕೇಳಿಸುತ್ತದೆಂದು ಅವಳಿಗೊಬ್ಬಳಿಗೇ ಗೊತ್ತು. ಆ ದಿನ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವವಳು ತಿಮ್ಮನಿಗೆ ಮಾತ್ರ ಒಮ್ಮೆಯೂ ಎಡೆ ಇಟ್ಟಿರಲಿಲ್ಲ. ಎಡೆ ಇಡುವುದು ಸತ್ತವರಿಗಲ್ಲವೇ.

ಈ ವರ್ಷ ಕಾಗಾಲದಲ್ಲಿ ಅವಳ ಅಣ್ಣ ತೀರಿಕೊಂಡಿದ್ದ. ಮೊದಲ ಎಡೆಗೆ ತಂಗಿ ಹೋಗದೆ ನಡೆಯದು. ಗಂಗೆ ಬೆಳಗಿನ ಬಸ್ಸಿಗೆ ಹೊರಟವಳು ನೀಲಿ ಬಣ್ಣದ ಡಬ್ಬಿಯನ್ನು ಅಳಿಯನ ಕೈಗೆ ಕೊಟ್ಟು, "ಮಧ್ಯಾಹ್ನದೊಳಗೆ ಒಂದು ಕೈ. ಅಷ್ಟೇ. ನಿನ್ನ ಕಾಲಿಗೆ ಬೀಳ್ತೆ," ಎಂದಳು.

"ಆತು ಅತ್ತೆ, ಆತು."

ವಿನುತಾ ಕೆಲಸಕ್ಕೆ ಹೋದಳು. ಸ್ಮೃತಿ ಜಗಲಿಯಲ್ಲಿ ತೆಂಗಿನ ಗರಟೆ ಜೋಡಿಸಿ ಅಡುಗೆ ಆಟ ಆಡುತ್ತಿದ್ದಳು. ಗಿರೀಶ ನೀಲಿ ಡಬ್ಬಿಯನ್ನು ಮೂಲೆಗೆ ಸರಿಸಿ, ಬಣ್ಣ ಕೀಳುವ ಔಷಧಿಯ ಮುಚ್ಚಳ ತೆಗೆದ. ಅತ್ತೆ ಬರುವಷ್ಟರಲ್ಲಿ ಹೊಳೆಯುವ ಬಾಗಿಲು ತೋರಿಸಿ ಅವಳ ಬಾಯಿ ಮುಚ್ಚಿಸಬೇಕು.

ಕಿಟಕಿಯಿಲ್ಲದ ನಡುಮನೆ. ಹಗಲಲ್ಲೂ ಅಲ್ಲಿ ಕತ್ತಲು ಮೊಣಕಾಲೆತ್ತರ ನಿಂತಿರುತ್ತದೆ. ಔಷಧಿಯ ಘಾಟು ಮೂಗಿಗೆ ಹತ್ತಿತು. ಬಣ್ಣ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತು. ಬ್ಲೇಡು ಹಾಕಿ ಎಳೆದ. ನೀಲಿ ಹೋಯಿತು, ಹಸಿರು ಬಂತು. ಹಸಿರಿನ ಮೇಲೆ, ಅವನ ಸೊಂಟದೆತ್ತರಕ್ಕೆ, ಒಂದು ಪುಟ್ಟ ಅಂಗೈಯ ಗುರುತು. ಹಸಿ ಬಣ್ಣವನ್ನು ಯಾರೋ ಮಗು ಮುಟ್ಟಿದ ಹಾಗೆ.

ವಿನುತಾ ಚಿಕ್ಕಂದಿನಲ್ಲಿ ಮುಟ್ಟಿರಬೇಕು ಎಂದುಕೊಂಡ.

ಹಸಿರಿನ ಅಡಿ ಮತ್ತೆ ನೀಲಿ. ಅದೇ ಜಾಗದಲ್ಲಿ ಅದೇ ಕೈ. ಅದರಡಿ ಕೆನೆಬಣ್ಣ. ಅದೇ ಕೈ. ಹತ್ತನೆಯ ಪದರಕ್ಕೆ ಬಂದಾಗ ಗಿರೀಶನ ಬ್ಲೇಡು ನಿಧಾನವಾಯಿತು. ಮಕ್ಕಳ ಕೈ ವರ್ಷ ವರ್ಷಕ್ಕೆ ಬೆಳೆಯುತ್ತದೆ. ಇದು ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ, ಕುಗ್ಗಿರಲೂ ಇಲ್ಲ.

ಏನೋ ಸದ್ದು. ಮರ ಕೊರೆಯುವ ಹುಳ ಇರಬೇಕು. ಇನ್ನೊಂದು ಪದರ ಕಿತ್ತ. ಹುಳದ ಸದ್ದಲ್ಲ, ಹೊಳೆಯಾಚೆಯಿಂದ ಯಾರೋ ದೋಣಿಯವನನ್ನು ಕೂಗಿದ ಹಾಗೆ. ಇನ್ನೊಂದು. ಈಗ ಗದ್ದೆಯಾಚೆಯಿಂದ. ಇನ್ನೊಂದು. ಅಂಗಳದಿಂದ. ಔಷಧಿಯ ಘಾಟಿನ ನಡುವೆ ತೇಯ್ದ ಬಜೆಯ ವಾಸನೆ, ಮಗುವಿನ ನೆತ್ತಿಗೆ ಹಚ್ಚಿದ ಎಣ್ಣೆಯ ವಾಸನೆ ಬಂತು. ಆ ಮನೆಯಲ್ಲಿ ಬಜೆ ತೇಯುವಂಥ ಕೂಸು ಇರಲಿಲ್ಲ.

ಕೊನೆಗೆ ಮರ ಬಂತು. ಎಷ್ಟು ಚೆಂದದ ಮರ! ಅದರಲ್ಲೂ ಕೈ ಅಚ್ಚೊತ್ತಿತ್ತು. ಅಂಗೈಯ ನಡುವೆ ತುಕ್ಕು ಹಿಡಿದ ಕಬ್ಬಿಣದ ಮೊಳೆ.

ಹಲಸಿನಲ್ಲಿ ಕಬ್ಬಿಣ ಉಳಿದರೆ ಪಾಲಿಶ್ ಮೇಲೆ ಕಪ್ಪು ಕಲೆ ಏಳುತ್ತದೆ. ಈ ಕೆಲಸ ಬಲ್ಲವರಾರೂ ಅದನ್ನು ಬಿಡುವುದಿಲ್ಲ. ಗಿರೀಶನೂ ಬಿಡಲಿಲ್ಲ. ಅವನ ಎದೆ ಹೆದರಿತ್ತು, ಕೈ ಮಾತ್ರ ಅಭ್ಯಾಸದಂತೆ ಇಕ್ಕಳ ಹಾಕಿ ಎಳೆಯಿತು. ಮೊಳೆ ಒಸಡಿನಿಂದ ಹಲ್ಲು ಬಂದಂತೆ ಬಂತು. ಒದ್ದೆಯಾಗಿತ್ತು.

"ಅವ್ವೀ..."

ಕಿವಿಯ ಬುಡದಲ್ಲೇ.

"ಅಪ್ಪಾ, ಯಾರು ಕರೆಯೂದು?" ಸ್ಮೃತಿ ಯಾವಾಗ ಒಳಗೆ ಬಂದಿದ್ದಳೋ. "ಅಪ್ಪಾ, ಈ ಕೈ ನನ್ನಷ್ಟೇ ಅದೆ ನೋಡು."

ಅವನು ತಡೆಯುವ ಮೊದಲೇ ಅವಳು ಅಂಗೈಯನ್ನು ಗುರುತಿನ ಮೇಲಿಟ್ಟಳು. ಬೆರಳಿಗೆ ಬೆರಳು ಕೂತಿತು.

"ತಣ್ಣಗೆ ಅದೆ," ಎಂದಳು. ನಕ್ಕಳು. ಆಮೇಲೆ ನಗು ನಿಂತಿತು. "ಅಪ್ಪಾ, ಬಿಡ್ತಾ ಇಲ್ಲ."

ಎಳೆದ. ಬರಲಿಲ್ಲ. ಮತ್ತೆ ಎಳೆದ. ಮಗಳ ಮಣಿಕಟ್ಟು ನೀಲಿಯಾಯಿತು. ಮೊಣಕೈ ತಣ್ಣಗಾಯಿತು. ತುಟಿ ಬಿಳಿಚಿತು. "ಅವ್ವೀ" ಎಂಬ ಕರೆ ನಿಲ್ಲಲಿಲ್ಲ. ಮುನಿದು ಕರೆಯಿತು. ಅತ್ತು ಕರೆಯಿತು. ಸ್ಮೃತಿಯ ಬಾಯಿ ತೆರೆಯಿತು. ಓಗೊಡಲು. ಗಿರೀಶ ಅವಳ ಬಾಯಿ ಮುಚ್ಚಿ ಹಿಡಿದ. ದೇವರ ಹೆಸರು ನೆನಪಾಗಲಿಲ್ಲ. ಒಂದೂ ನೆನಪಾಗಲಿಲ್ಲ.

ತಲೆಬಾಗಿಲಲ್ಲಿ ಕೊಡೆ ಬಿದ್ದ ಸದ್ದು. ಕಾಗಾಲದಿಂದ ಮರಳಿದ ಗಂಗೆ.

ಅವಳು ಬೈಯಲಿಲ್ಲ. ಹೆರೆದ ಮರವನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಹತ್ತಿರ ಬಂದು ಸ್ಮೃತಿಯ ಪುಟ್ಟ ಕೈ ಮೇಲೆ ತನ್ನ ಕೈಯಿಟ್ಟಳು. ಮೂವತ್ತೆರಡು ವರ್ಷ ಕಚ್ಚಿ ಹಿಡಿದಿದ್ದ ಮಾತನ್ನು ಬಾಯಿಂದ ಬಿಟ್ಟಳು.

"ಬಂದೆ ಮಗಾ. ಬಂದೆ. ಕೂಸಿನ್ನ ಬಿಡು."

ಸ್ಮೃತಿ ಕಳಚಿ ಹಿಂದಕ್ಕೆ ಬಿದ್ದು ಗಟ್ಟಿಯಾಗಿ ಅತ್ತಳು. ಗಂಗೆ ಬಾಗಿಲಿಗೆ ಕೆನ್ನೆಯಾನಿಸಿ ಮೆಲ್ಲಗೆ ಕುಸಿದಳು. ಮುಖದಲ್ಲಿ ನೋವಿರಲಿಲ್ಲ. ಅವಳ ತುಟಿ ಇನ್ನೂ ಅಲುಗುತ್ತಿತ್ತು. ಬಾಗಿಲು ಉಸಿರೆಳೆದಂತೆ ಒಮ್ಮೆ ನಡುಗಿತು. ತಾಯಿ ಮಗ ಇಬ್ಬರೂ ಬಾಗಿಲಿನಿಂದ ಬಿಡಿಸಿಕೊಂಡು ಹೊರಡುತ್ತಿದ್ದರೋ ಏನೋ. ಇನ್ನೊಂದು ಗಳಿಗೆ ಸಾಕಿತ್ತು.

ಗಿರೀಶನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅಲುಗುವ ಬಾಗಿಲು ಮಾತ್ರ ಕಂಡಿತು. ಅದು ಮತ್ತೆ ಮಗಳನ್ನು ಎಳೆಯುತ್ತದೆಂದು ಹೆದರಿದ. ಮಾಟವನ್ನು ನಂಬದ ಆ ಮನುಷ್ಯ ಸುತ್ತಿಗೆ ಎತ್ತಿಕೊಂಡ. ಅದೇ ಮೊಳೆ. ಅದೇ ತೂತು. ಒಂದು ಏಟು. ಎರಡು. ಮೂರು.

ಬಾಗಿಲು ನಿಂತಿತು. ಗಂಗೆಯ ತುಟಿಯೂ ನಿಂತಿತು.

ವೈದ್ಯರು ಹೃದಯಾಘಾತ ಎಂದರು. ಗಿರೀಶ ವಿನುತಾಳಿಗೆ ನಿಜ ಹೇಳಿದ, ಮೊಳೆ ಮತ್ತೆ ಹೊಡೆದದ್ದೊಂದನ್ನು ಬಿಟ್ಟು.

ಮುಂದಿನ ಮಾಲಯ ಅಮಾವಾಸ್ಯೆಗೆ ವಿನುತಾ ಎರಡು ಎಲೆ ಹಾಕಿದಳು. ಒಂದು ಅವ್ವಿಗೆ, ಒಂದು ತಾನು ಕಾಣದ ಅಣ್ಣನಿಗೆ. ಬಡಿಸಿ ಕೈ ಮುಗಿದು ಕಾದರು. ಕಾಗೆ ಬಂದು ಬೇಲಿಯ ಮೇಲೆ ಕೂತಿತು, ಎಲೆ ಮುಟ್ಟದೆ ಹಾರಿಹೋಯಿತು. ನಡುಮನೆಯಲ್ಲಿ ಹಲಸಿನ ಬಾಗಿಲು ಬರೀ ಮೈಯಲ್ಲಿ ಹೊಳೆಯುತ್ತಿತ್ತು. ಮೊಳೆಯ ಸುತ್ತ ಕಪ್ಪು ಕಲೆ ಎದ್ದಿತ್ತು. ಪುಟ್ಟ ಕೈಯನ್ನು ಸುತ್ತುವರಿದು ಒಂದು ದೊಡ್ಡ ಕೈ.

"ವಿನೂ..."

ಅನ್ನದ ತಟ್ಟೆ ವಿನುತಾಳ ಕೈಯಿಂದ ಜಾರಿತು.

"ವಿನೂ, ನೀರು ಕೊಡೆ, ಗಂಟಲು ಆರಿತು. ತಿಮ್ಮನಿಗೂ ಹಸಿವಾತು. ಇಲ್ಲಿ ಕತ್ತಲೆ."

ದನಿ ಅವ್ವಿಯದೇ. ಗಿರೀಶನ ಕಣ್ಣು ಮೊಳೆಯ ಮೇಲೆ ಹೋಯಿತು. ಕಿತ್ತರೆ? ಕಿತ್ತರೆ, ಅತ್ತೆ ಓಗೊಟ್ಟಂತೆ, ಮತ್ತೆ ಯಾರಾದರೂ ಓಗೊಡಬೇಕು. ಅದು ಕರೆಯುವುದು ತನ್ನ ರಕ್ತದವರನ್ನೇ, ಇನ್ನುಳಿದದ್ದು ಇಬ್ಬರೇ. ಒಬ್ಬಳು ಎದುರಿಗೆ ನಿಂತಿದ್ದಳು, ಇನ್ನೊಬ್ಬಳು ಜಗಲಿಯಲ್ಲಿ ಗರಟೆ ಜೋಡಿಸುತ್ತಿದ್ದಳು.

ಅವನು ಮೂಲೆಯಿಂದ ನೀಲಿ ಡಬ್ಬಿ ಎಳೆದು, ಮುಚ್ಚಳ ಎಬ್ಬಿಸಿ, ಬ್ರಶ್ಶು ಅದ್ದಿದ. ನೆಲದ ತುಂಬ ಬಣ್ಣ ಹನಿಯಿತು. ಮೊದಲು ದೊಡ್ಡ ಕೈ ಮುಚ್ಚಿದ.

ವಿನುತಾ ಬಾಗಿಲ ಎದುರು ಕೂತಳು. ತಾಯಿ ಗಟ್ಟಿಯಾಗಿ ಹೇಳುತ್ತಿದ್ದ ಪದ್ಯ ಶುರು ಮಾಡಿದಳು, ಎರಡು ಸಾಲಿನ ಮುಂದೆ ಅವಳಿಗೆ ಬರಲಿಲ್ಲ. ಸೆರಗಿನ ತುದಿಯನ್ನು ಬಾಯೊಳಗೆ ತುರುಕಿ, ಕಚ್ಚಿ ಹಿಡಿದುಕೊಂಡಳು.