ಗಾಜಿಗಂಟಿದ ಕೆಂಪು

"ರೀ... ತೋಳು ತೆಗೀರಿ! ನನ್ನ ಸಮುದ್ರ!"

ಅರ್ಪಿತ ಕೂಗಿದ್ದಕ್ಕೆ ಪಕ್ಕದಲ್ಲಿ ಕೂತಿದ್ದವನು ಬೆಚ್ಚಿಬಿದ್ದು ಎದ್ದ. ಎದ್ದದ್ದೇ ತಪ್ಪಾಯಿತು. ಬೆಳಗಿನಿಂದ ಅವಳು ತಿಕ್ಕಿ ತಿಕ್ಕಿ ಕೂರಿಸಿದ್ದ ಪೋರ್ಚುಗಲ್ ಕಡಲಿನ ಅರ್ಧ ನೀಲಿ ಅವನ ಬಿಳಿ ಅಂಗಿಯ ಮೊಣಕೈಗೆ ಬಂದಿತ್ತು.

"ಅಯ್ಯೋ, ಸಾರಿ ಮೇಡಂ... ಒರೆಸ್ಲಾ?"

"ಒರೆಸಿದ್ರೆ ಉಳಿದಿದ್ದೂ ಹೋಗುತ್ತೆ! ಪೇಸ್ಟಲ್ ರೀ ಇದು, ಬರೀ ಬಣ್ಣದ ಪುಡಿ. ಮುಟ್ಬಾರ್ದು ಅಂತ ಆಂಟಿ ಮೊದಲನೇ ದಿನಾನೇ ಹೇಳ್ಲಿಲ್ವಾ?"

"ಇವತ್ತೇ ನನ್ನ ಮೊದಲನೇ ದಿನ..."

ಅವನ ಮುಖ ಎಷ್ಟು ಸಪ್ಪಗಾಗಿತ್ತೆಂದರೆ, ಸಿಟ್ಟಿನ ನಡುವೆಯೇ ಅರ್ಪಿತಳಿಗೆ ನಗು ಬಂತು. ಹಾಳಾದ ಹುಡುಗಿ, ಅಲ್ಲೇ ಎಡವಿದಳು ನೋಡಿ!

ತ್ಯಾಗರಾಜನಗರದ ಲತಾಮಣಿ ಆಂಟಿಯ ಮನೆ ತಾರಸಿಯಲ್ಲಿ ಪ್ರತಿ ಭಾನುವಾರ ಈ ಕ್ಲಾಸು. ಆಂಟಿ ಗಂಡನ ಕೆಲಸದ ಮೇಲೆ ಕೆಲವು ವರ್ಷ ಲಿಸ್ಬನ್‌ನಲ್ಲಿ ಇದ್ದು ಬಂದವರು. ಹಾಗಾಗಿ ಅವರ ಕ್ಲಾಸಿನಲ್ಲಿ ಹಣ್ಣಿನ ಬುಟ್ಟಿ, ಹೂದಾನಿಗಳಿಗೆ ಜಾಗವಿಲ್ಲ. ನೀಲಿ ಟೈಲ್ಸಿನ ಗೋಡೆ, ಏರಿನಲ್ಲಿ ಏದುಸಿರು ಬಿಡುವ ಹಳದಿ ಟ್ರಾಮು, ಕಪ್ಪು ಶಾಲು ಹೊದ್ದು ಹಾಡುವ ಹೆಂಗಸು... ಎಲ್ಲವೂ ಪೋರ್ಚುಗಲ್ಲೇ.

ಅವನ ಹೆಸರು ಶರಣ್. ದಾವಣಗೆರೆ ಕಡೆಯವನು, ಸಾರಕ್ಕಿ ಸಿಗ್ನಲ್ ಹತ್ತಿರ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ಡಾಕ್ಟರು. ಅರ್ಪಿತ ಸಾರಕ್ಕಿಯ ಹಳೇ ಮನೆತನದ ಬೋರಣ್ಣನ ಮಗಳು, ಜಯನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು.

ಮುಂದಿನ ವಾರ ಅವನು ಹಲ್ಲು ಕೆರೆಯುವ ಸಣ್ಣ ಕಡ್ಡಿಯೊಂದನ್ನು ತಂದುಕೊಟ್ಟ. "ಹೊಸದು ಮೇಡಂ, ಯಾರ ಬಾಯಿಗೂ ಹಾಕಿಲ್ಲ! ಚಿತ್ರದಲ್ಲಿ ದೋಣಿ ಹಗ್ಗದ ಗೆರೆ ಎಳೆಯೋಕೆ ಚೆನ್ನಾಗಿರುತ್ತೆ." ನಿಜಕ್ಕೂ ಚೆನ್ನಾಗಿತ್ತು. ಅಲ್ಲಿಂದಾಚೆಗೆ ಭಾನುವಾರ ಎಂದರೆ ಅರ್ಪಿತಳಿಗೆ ಅವನು ಪಕ್ಕದ ಕುರ್ಚಿ ಎಳೆದುಕೊಳ್ಳುವ ಸದ್ದು. ಒಬ್ಬರಿಗೊಬ್ಬರು ಏನನ್ನೂ ಹೇಳಲಿಲ್ಲ. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ದಾರಿ ತೋರಿಸಿದ್ದು ಲತಾಮಣಿ ಆಂಟಿ.

"ಮಿನ್ಹೋ ಅಂತ ಒಂದು ಸೀಮೆ ಇದೆ. ಹಿಂದೆ ಅಲ್ಲಿ ಹುಡುಗಿ ಮನಸಲ್ಲಿರೋದನ್ನ ಬಾಯಲ್ಲಿ ಹೇಳ್ತಿರ್ಲಿಲ್ಲ. ಕರ್ಚೀಫ್ ಮೇಲೆ ಹೃದಯ, ಹಕ್ಕಿ, ಹೂವು ಕಸೂತಿ ಹಾಕಿ ಹುಡುಗನಿಗೆ ಕಳಿಸ್ತಿದ್ಲು. ಅವನು ಅದನ್ನ ಹತ್ತು ಜನದ ಎದುರಿಗೆ ಕೊರಳಿಗೆ ಕಟ್ಕೊಂಡು ಬಂದ್ರೆ ಒಪ್ಪಿದ ಅಂತ. ಇಲ್ಲಾಂದ್ರೆ ಕರ್ಚೀಫು ವಾಪಸ್!"

ಎಲ್ಲರೂ ನಕ್ಕರು. ಶರಣ್ ಮಾತ್ರ ನಗಲಿಲ್ಲ. ಅರ್ಪಿತಳೂ ನಗಲಿಲ್ಲ.

ಮುಂದಿನ ಭಾನುವಾರ ಕ್ಲಾಸು ಮುಗಿದ ಮೇಲೆ, ಮೆಟ್ಟಿಲ ಬಳಿ ಅವಳು ಅವನ ಕೈಗೊಂದು ಚಿತ್ರ ಕೊಟ್ಟಳು. ಬಿಳಿ ಕರವಸ್ತ್ರ, ಮೂಲೆಗೊಂದು ಹಕ್ಕಿ, ನಡುವೆ ದಟ್ಟ ಕೆಂಪು ಹೃದಯ.

"ನಿಮ್ಮ ಕ್ಲಿನಿಕ್ ಗೋಡೆಗೆ... ಹಾಕ್ಬೇಕು ಅನ್ಸಿದ್ರೆ ಮಾತ್ರ."

ಅವನ ಕಿವಿ ಕೆಂಪಾಯಿತು. ತುಂಬಿದ ಕಾಫಿ ಲೋಟ ಹಿಡಿದವನ ಹಾಗೆ ಚಿತ್ರ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಹೋದ.

ಸೋಮವಾರ ಶಾಲೆಗೆ ಹೋಗುತ್ತಾ ಅವಳು ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಕತ್ತು ಚಾಚಿದಳು. ಕ್ಲಿನಿಕ್ಕಿಗೆ ಗಾಜಿನ ಬಾಗಿಲು, ಒಳಗಿನ ಗೋಡೆ ರಸ್ತೆಗೇ ಕಾಣುತ್ತದೆ. ಅಲ್ಲಿ 'ದಿನಕ್ಕೆರಡು ಸಲ ಹಲ್ಲುಜ್ಜಿ' ಎಂಬ ಹಳೇ ಪೋಸ್ಟರ್ ಹಾಗೇ ಇತ್ತು.

'ಫ್ರೇಮ್ ಹಾಕಿಸ್ತಿರಬೇಕು...'

ಮಂಗಳವಾರವೂ ಪೋಸ್ಟರ್. ಆ ವಾರವೆಲ್ಲ ಪೋಸ್ಟರ್. ಭಾನುವಾರ ಅವನು ಕ್ಲಾಸಿಗೇ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ!

ಸಾರಕ್ಕಿ ಸಿಗ್ನಲ್ ಬೇಗ ಹಸಿರಾಗದಿರಲಿ ಎಂದು ಬೇಡಿಕೊಂಡ ಮನುಷ್ಯಪ್ರಾಣಿ ಇಡೀ ಬೆಂಗಳೂರಿನಲ್ಲಿ ಅರ್ಪಿತ ಒಬ್ಬಳೇ ಇದ್ದಿರಬೇಕು. ಒಂದು ಸಲ ಇಣುಕಿ ನೋಡಿದರೆ ದಿನವಿಡೀ ಮನಸ್ಸು ಅಲ್ಲೇ. ಮಕ್ಕಳಿಗೆ ನವಿಲು ಬಿಡಿಸಿ ತೋರಿಸುವಾಗಲೂ, ಅಮ್ಮ ಬಡಿಸಿದ ಮುದ್ದೆ ಮುರಿಯುವಾಗಲೂ ಆ ಗೋಡೆಯೇ ಕಣ್ಣೆದುರು ಬರುತ್ತಿತ್ತು.

'ಬೇಡ ಅಂತಿದ್ರೆ ವಾಪಸ್ ಕೊಡಬಹುದಿತ್ತಲ್ಲ... ಅದನ್ನೂ ಮಾಡಲ್ಲ ಅಂದ್ರೆ ಏನರ್ಥ?'

ಕ್ಲಾಸಿನಲ್ಲಿ ಅವಳು ಈಗ ಬಿಡಿಸುತ್ತಿದ್ದುದು ಒಂದೇ ಚಿತ್ರ. ನಜರೆ ಎಂಬ ಪೋರ್ಚುಗಲ್ ಊರಿನ ಮರಳ ದಂಡೆಯಲ್ಲಿ ಕೂತು ಕಡಲು ನೋಡುವ ಮೀನುಗಾರರ ಹೆಂಡಂದಿರು.

"ದೋಣಿ ಎಲ್ಲಮ್ಮ?" ಲತಾಮಣಿ ಆಂಟಿ ಕೇಳಿದರು.

"ಇನ್ನೂ ಬಂದಿಲ್ಲ ಆಂಟಿ."

ಅವಳು ಖಾಲಿ ಕಡಲಿಗೆ ಇನ್ನಷ್ಟು ನೀಲಿ ತಿಕ್ಕಿದಳು.

ಈ ಮಧ್ಯೆ ಗೊಟ್ಟಿಗೆರೆಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನೇ. ನೋಡಿಕೊಂಡು ಹೋಗಿ ಒಪ್ಪಿಗೆ ಎಂದರು. ಶುಕ್ರವಾರದೊಳಗೆ ನಿನ್ನ ಮಾತು ಹೇಳು ಎಂದ ಬೋರಣ್ಣ. ಹೂಂ ಎನ್ನಬೇಕೆಂದರೆ ಮನಸ್ಸು ಬಿಡುಗಡೆಯಾಗಬೇಕಲ್ಲ! ಚಿತ್ರ ವಾಪಸ್ ಬಂದರೆ ಸಾಕು, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಗುರುವಾರ ಅಮ್ಮ ಅಂಜನಮ್ಮನ ದವಡೆ ಊದಿಕೊಂಡಿತು.

"ಅಯ್ಯೋ, ತಡೆಯಕ್ಕಾಗ್ತಿಲ್ಲ ಕಣೇ! ಆ ಸಿಗ್ನಲ್ ಹತ್ರ ಒಬ್ಬ ಡಾಕ್ಟ್ರು ಅವ್ನಂತೆ, ನಡಿ."

ಬೇರೆ ಕಡೆ ಹೋಗೋಣ ಎನ್ನಲು ಅರ್ಪಿತಳಿಗೆ ಕಾರಣವೇ ಸಿಗಲಿಲ್ಲ.

ಅವಳನ್ನು ನೋಡಿ ಶರಣ್ ಒಂದು ಕ್ಷಣ ನಿಂತೇಬಿಟ್ಟ. ಸೊರಗಿದ್ದ, ಗಡ್ಡ ಬೆಳೆದಿತ್ತು. ಅಂಜನಮ್ಮನ ಹಲ್ಲು ಕಿತ್ತು, ಜಾಗಕ್ಕೆ ಹತ್ತಿ ಇಟ್ಟ. "ಗಟ್ಟಿಯಾಗಿ ಕಚ್ಕೊಳ್ಳಿ ಆಂಟಿ. ಅರ್ಧ ಗಂಟೆ ಮಾತಾಡ್ಬಾರ್ದು." ಅಮ್ಮ ಹೊರಗೆ ಹೋಗಿ ಕೂತಳು. ಅರ್ಪಿತ ಮಾತ್ರ ಅಲ್ಲೇ ನಿಂತಳು.

"ನನ್ನ ಚಿತ್ರ ಕೊಡಿ."

"ಅರ್ಪಿತ... ಅದು..."

"ಪದ್ಧತಿ ನಿಮಗೂ ಗೊತ್ತು. ಒಪ್ಪದೇ ಇದ್ರೆ ವಾಪಸ್. ನಾಳೆ ನಾನು ಮನೇಲಿ ಉತ್ತರ ಹೇಳ್ಬೇಕು. ಕೊಟ್ಬಿಡಿ!"

"ಕೊಡೋಕಾಗಲ್ಲ."

"ಯಾಕೆ? ಎಸೆದ್ಬಿಟ್ರಾ?" ಅವಳ ಕಣ್ಣು ತುಂಬಿತು.

ಅವನು ಬೀರುವಿನಿಂದ ಒಂದು ಬಟ್ಟೆ ಗಂಟು ತೆಗೆದು ಬಿಚ್ಚಿದ. ಒಂದು ಕಾಗದ, ಒಂದು ಗಾಜು. ಕಾಗದದ ಮೇಲೆ ಅರ್ಧ ಹೃದಯ. ಉಳಿದರ್ಧದ ಕೆಂಪು ಗಾಜಿಗೆ ಅಂಟಿಕೊಂಡಿತ್ತು.

"ನೀವು ಕೊಟ್ಟಿದ್ ದಿನ ಸಂಜೇನೇ ಫ್ರೇಮಿಗೆ ಹಾಕ್ದೆ. ಬೆಳಗ್ಗೆ ನೀವು ಬರೋ ಹೊತ್ತಿಗೆ ಗೋಡೇಲಿ ಇರ್ಬೇಕು ಅಂತ... ಪೇಸ್ಟಲ್‌ಗೆ ಗಾಜು ತಾಗಬಾರ್ದಂತೆ. ಲತಾಮಣಿ ಆಂಟಿ ಕ್ಲಾಸಲ್ಲೇ ಹೇಳಿದ್ರಂತೆ. ನಾನು ಆಗ ನಿಮ್ಮನ್ನೇ ನೋಡ್ತಿದ್ದೆ. ಓರೆಯಾಯ್ತು ಅಂತ ಬಿಚ್ಚಿದ್ರೆ, ಹೀಗೆ..."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಯಾವ ಮುಖ ಇಟ್ಕೊಂಡು? ಮೊದಲನೇ ದಿನ ಸಮುದ್ರ ಹಾಳ್ಮಾಡ್ದೆ, ಆಮೇಲೆ ಇದು. ನಾನೇ ಬಿಡಿಸೋಣ ಅಂತ ಕೂತೆ, ಹಕ್ಕಿ ಎಲ್ಲಾ ಕೋಳಿ ಆಯ್ತು. ಅಷ್ಟೊತ್ತಿಗೆ ನಿಮ್ಮನ್ನ ನೋಡೋಕೆ ಗಂಡಿನ ಕಡೆಯವ್ರು ಬಂದಿದ್ರು ಅಂತ ಆಂಟಿ ಫೋನಲ್ಲಿ ಹೇಳಿದ್ರು. ನಾನು ಯೋಗ್ಯ ಅಲ್ಲ ಅಂತ ಸುಮ್ನಾದೆ."

ಅರ್ಪಿತ ಅಳುತ್ತಲೇ ನಕ್ಕುಬಿಟ್ಟಳು. ಇಷ್ಟು ವಾರ ಅವಳು ದಂಡೆಯಲ್ಲಿ ಕಾದದ್ದು ಈ ದಡ್ಡನಿಗಾಗಿಯೇ!

"ಚಿತ್ರ ಚೆನ್ನಾಗಿರ್ಬೇಕು ಅಂತ ಯಾರ್ರೀ ಹೇಳಿದ್ದು? ಹತ್ತು ಜನಕ್ಕೆ ಕಾಣ್ಬೇಕು, ಅಷ್ಟೇ."

ಶರಣ್ ಕಾಗದದ ಮೇಲೆ ಗಾಜು ಇಟ್ಟ. ಎರಡು ಅರ್ಧಗಳು ಕೂಡಿಕೊಂಡವು, ಅಂಚು ಮಾತ್ರ ಸ್ವಲ್ಪ ಓರೆ. ಫ್ರೇಮಿಗೆ ಸೇರಿಸಿ ಹೊರಗೆ ಬಂದು, ಕಾಯುತ್ತಿದ್ದ ರೋಗಿಗಳೆಲ್ಲ ನೋಡುತ್ತಿದ್ದಂತೆ ಪೋಸ್ಟರ್ ತೆಗೆದು ಆ ಮೊಳೆಗೇ ಚಿತ್ರ ನೇತುಹಾಕಿದ.

ಅರ್ಪಿತ ಅಮ್ಮನ ಮುಂದೆ ಮಂಡಿಯೂರಿ ಕೂತಳು.

"ಅಮ್ಮಾ, ಗೊಟ್ಟಿಗೆರೆಯವರಿಗೆ ಬೇಡ ಅಂತ ಹೇಳ್ಬಿಡಮ್ಮ. ನನಗೆ ಇವರೇ ಬೇಕು. ಆ ಚಿತ್ರ ನಾನೇ ಕೊಟ್ಟಿದ್ದು."

ಅಂಜನಮ್ಮ ದಡಕ್ಕನೆ ಎದ್ದಳು. "ಊಂ! ಊಂಊಂ!"

"ಆಂಟಿ, ಹತ್ತಿ ಬೀಳುತ್ತೆ..." ಶರಣ್ ಗಾಬರಿಯಾದ. "ಬೈಯೋದೆಲ್ಲ ಆಮೇಲೆ ಬೈರಿ. ನಾನು ಇಲ್ಲೇ ಇರ್ತೀನಿ, ಎಲ್ಲೂ ಓಡಿಹೋಗಲ್ಲ."

ಅಂಜನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗಳ ಒದ್ದೆ ಮುಖ ನೋಡಿದಳು. ಆ ಮುಖದಲ್ಲಿ ನಗು ಕಾಣದೆ ಅದೆಷ್ಟು ದಿನವಾಗಿತ್ತೋ! ಮೆಲ್ಲಗೆ ಕೂತು, ಸೆರಗಿನಿಂದ ಮಗಳ ಕೆನ್ನೆ ಒರೆಸಿ, ಪಕ್ಕದ ಖಾಲಿ ಕುರ್ಚಿಯನ್ನು ಶರಣ್‌ಗೆ ತೋರಿಸಿದಳು.

ಅವನು ಕೂರಲಿಲ್ಲ. ಅರ್ಪಿತಳನ್ನೇ ನೋಡುತ್ತಾ ನಿಂತ.

"ಈಗ ಗೊತ್ತಾಯ್ತಲ್ಲ, ನನ್ನ ಉತ್ತರ?"

"ಗೋಡೆ ಹೇಳಿದ್ರೆ ಪೋರ್ಚುಗಲ್ ಹುಡುಗಿಗೆ ಸಾಕು. ನಾನು ಸಾರಕ್ಕಿಯವಳು. ನನಗೆ ಬಾಯಲ್ಲಿ ಹೇಳ್ಬೇಕು."

"ಇಲ್ಲೇ? ಇಷ್ಟು ಜನದ ಮುಂದೆ?"

"ಇಲ್ಲೇ."

"ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗ್ಲಿಲ್ಲ ಅರ್ಪಿತ. ಇನ್ಮೇಲೂ ಆಗಲ್ಲ."

"ನನ್ನಿಂದಲೂ..." ಎಂದಳು ಅವಳು.