ಬಂಗುಡೆಗೆ ಬಿದ್ದ ಸೊನ್ನೆ

ಸೊನ್ನೆ.

ಗಾನವಿ ಕಣ್ಣುಜ್ಜಿಕೊಂಡು ಪರದೆಯನ್ನು ಮತ್ತೆ ನೋಡಿದಳು. ಸೊನ್ನೆಯೇ.

“ನಂದನಣ್ಣ, ನಿನ್ನೆ ಸಂಜೆ ಇದಕ್ಕೆ ತೊಂಬತ್ತಮೂರು ಬಂದಿತ್ತು, ಅಲ್ವಾ?”

ಬಂದಿತ್ತು. ನಾನೇ ನೋಡಿದ್ದೆ.

ಮಣಿಪಾಲದಲ್ಲಿ ಒಂದು ಜ್ಯೂಸ್ ಅಂಗಡಿಯ ಮಹಡಿಯಲ್ಲಿ ನಮ್ಮ ಪುಟ್ಟ ಕಚೇರಿ. ಬರೆದದ್ದನ್ನು ಓದಿ ಉತ್ತರ ಕೊಡುವ ಎಐ ಭಾಷಾ ಮಾಡೆಲ್‌ಗಳಿಗೆ ಪರೀಕ್ಷೆ ಒಡ್ಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ನಮ್ಮ ಕೆಲಸ. ಈ ಸಲದ ಪರೀಕ್ಷೆ ಕಾಪುವಿನ ಸುಗಂಧಿಯವರಿಗಾಗಿ. ಅವರದು ಮನೆಮನೆಗೆ ಮೀನು ತಲುಪಿಸುವ ವ್ಯಾಪಾರ. ಗಿರಾಕಿಗಳು ತೋಚಿದ ಹಾಗೆ ಮೆಸೇಜ್ ಕಳಿಸುತ್ತಾರೆ. ಮಾಡೆಲ್ ಅದನ್ನು ಓದಿ ಐದು ಖಾನೆ ತುಂಬಬೇಕು — ಬಂಗುಡೆಯೋ ಅಂಜಲೋ ಯಾವ ಮೀನು, ಎಷ್ಟು, ಎಲ್ಲಿಗೆ, ಯಾವಾಗ, ಕತ್ತರಿಸಬೇಕೋ ಬೇಡವೋ. ಖಾನೆಯ ಹೊರಗೆ ಒಂದು ಅಕ್ಷರ ಬಿದ್ದರೂ ಸುಗಂಧಿಯವರ ಕಂಪ್ಯೂಟರ್ ಅದನ್ನು ಮುಟ್ಟುವುದಿಲ್ಲ.

ಕಣದಲ್ಲಿ ಎರಡು ಮಾಡೆಲ್. ಒಂದು ಹೊರಗಿನ ದೊಡ್ಡ ಕಂಪನಿಯದು. ಇನ್ನೊಂದು, ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ಗಾನವಿ ವರ್ಷವಿಡೀ ಕೂತು ಕರಾವಳಿಯ ಮಾತಿಗೆ ಪಳಗಿಸಿದ್ದು. ಗೆದ್ದರೆ ಅದಕ್ಕೆ ಸಿಗುವ ಮೊದಲ ಕೆಲಸ ಇದೇ. ಸುಗಂಧಿಯವರು ಮಧ್ಯಾಹ್ನ ಬಂದು ತೀರ್ಮಾನಿಸುವವರಿದ್ದರು. ಅದಕ್ಕೆ ಮೊದಲು ಬೆಳಿಗ್ಗೆ ಕೊನೆಯ ಸಲ ಪರೀಕ್ಷೆ ನಡೆಸಿದ್ದೆವು.

“ದೊಡ್ಡದಕ್ಕೆ ಎಷ್ಟು?” ಬಾಗಿಲ ಬಳಿಯಿಂದ ಧ್ವನಿ ಬಂತು. ಸುಭಾಷಿಣಿ. ನಮ್ಮ ಪರೀಕ್ಷೆಗಳ ಮುಖ್ಯಸ್ಥೆ. ಕೈಯಲ್ಲಿ ಪುನರ್ಪುಳಿ ಶರಬತ್ತಿನ ಲೋಟ.

“ಎಂಬತ್ತೆಂಟು. ನಿನ್ನೆ ಬಂದಷ್ಟೇ,” ಎಂದೆ.

“ಯಾರೂ ಏನನ್ನೂ ಮುಟ್ಟಬೇಡಿ.” ಅವರು ಕುರ್ಚಿ ಎಳೆದುಕೊಂಡರು. ಮುಖದಲ್ಲಿ ಆತಂಕವಿರಲಿಲ್ಲ. ಒಗಟು ಸಿಕ್ಕ ಖುಷಿಯಿತ್ತು. “ವಿಕಾಸ್, ಇಲ್ಲಿ ಬಾ. ಅಂಕ ಹಾಕುವ ಪ್ರೋಗ್ರಾಮ್ ಬರೆದವನು ನೀನು. ದೊಡ್ಡ ಮಾಡೆಲೇ ಸಾಕು ಅನ್ನುವವನೂ ನೀನು. ಅಲ್ವಾ?”

ವಿಕಾಸ್ ಕೆಂಪಾದ. “ನನ್ನ ಮೇಲೆ ಸಂಶಯವಾ ಅಕ್ಕ?”

“ಎಲ್ಲರ ಮೇಲೂ ಉಂಟು. ನಂದನನ ಮೇಲೂ. ಪ್ರೋಗ್ರಾಮಿನಲ್ಲಿ ನಿನ್ನೆಯಿಂದ ಎಂತ ಬದಲಾಗಿದೆ?”

“ಏನೂ ಇಲ್ಲ. ನೀವೇ ನೋಡಿ.”

ನೋಡಿದರು. ಒಂದು ಚುಕ್ಕೆಯೂ ಬದಲಾಗಿರಲಿಲ್ಲ.

“ಗಾನವಿ, ಇನ್ನೆರಡು ಅಂಕದ ಆಸೆಗೆ ಮಾಡೆಲ್‌ಗೆ ಎಂತಾದರೂ ಹೊಸತು ಕಲಿಸಲು ಹೋದೆಯಾ?”

“ಇಲ್ಲ ಅಕ್ಕ. ತೊಂಬತ್ತಮೂರು ಬಂದ ಮೇಲೆ ಯಾರಾದರೂ ಕೈ ಹಾಕುತ್ತಾರಾ?” ಅವಳು ಕಣ್ಣೊರೆಸಿಕೊಂಡಳು.

“ತಾವು ಅಳಬಾರದು ಗಾನವಿಯವರೇ. ತಾವು ಮೊದಲು ಕುಳಿತುಕೊಳ್ಳಿ.” ಹೀಗೆಂದು ಕುರ್ಚಿ ಮುಂದಿಟ್ಟವರು ಅನಂತೇಶ ಮಾಸ್ಟ್ರು. ಪೆರ್ಡೂರಿನವರು, ನಿವೃತ್ತ ಕನ್ನಡ ಅಧ್ಯಾಪಕರು. ನಮ್ಮ ಬರಹದ ಕನ್ನಡ ತಿದ್ದಿಕೊಡಲು ಆಗಾಗ ಬರುತ್ತಾರೆ.

“ಮಾಸ್ಟ್ರೇ, ನಿನ್ನೆ ನೀವೂ ಇಲ್ಲಿದ್ದಿರಿ. ಗಿರಾಕಿಗಳ ಮೆಸೇಜ್ ಏನಾದರೂ ತಿದ್ದಿದಿರಾ?”

“ಒಂದನ್ನೂ ಇಲ್ಲ. ಜನರ ಮಾತು ಜನರದ್ದು. ತಾವು ಹೋಲಿಸಿ ನೋಡಬಹುದು.”

ಹೋಲಿಸಿದೆವು. ಇನ್ನೂರು ಮೆಸೇಜ್‌ಗಳೂ ಇದ್ದ ಹಾಗೇ ಇದ್ದವು.

ಮಾಡೆಲ್ ಅದೇ. ಮೆಸೇಜ್ ಅದೇ. ಪ್ರೋಗ್ರಾಮ್ ಅದೇ. ಅಂಕ ಮಾತ್ರ ಸೊನ್ನೆ. ನಾನು ಕೈಚೆಲ್ಲಿದೆ.

ಸುಭಾಷಿಣಿ ಶರಬತ್ತು ಮುಗಿಸಿ ಲೋಟ ಕೆಳಗಿಟ್ಟರು. “ನನಗೆ ವಿಚಿತ್ರ ಅನಿಸಿದ್ದೇ ಆ ಸೊನ್ನೆ. ಹತ್ತು ಬಂದಿದ್ದರೆ ಮಾಡೆಲ್ ಕೆಟ್ಟಿತು ಅನ್ನಬಹುದಿತ್ತು. ಎಷ್ಟೇ ದಡ್ಡ ಮಾಡೆಲ್ ಆದರೂ ಇನ್ನೂರರಲ್ಲಿ ಒಂದಾದರೂ ಬಂಗುಡೆ ಸರಿಯಾಗಬೇಡವಾ? ಬೆಳಿಗ್ಗೆಯಿಂದ ನಾವೆಲ್ಲ ಅಂಕ ನೋಡಿದೆವು. ಅದು ಬರೆದ ಉತ್ತರವನ್ನು ಯಾರು ನೋಡಿದಿರಿ?”

ಯಾರೂ ನೋಡಿರಲಿಲ್ಲ.

ಅವರು ಮೊದಲ ಉತ್ತರ ತೆರೆದು ಗಟ್ಟಿಯಾಗಿ ಓದಿದರು. “‘ನಮಸ್ಕಾರ. ತಮ್ಮ ವಿನಂತಿಯಂತೆ ವಿವರಗಳನ್ನು ಸಲ್ಲಿಸಲಾಗಿದೆ.’” ಅದರ ಕೆಳಗೆ ಐದು ಖಾನೆ — ಬಂಗುಡೆ, ಎರಡು ಕಿಲೋ, ಕಟಪಾಡಿ, ನಾಳೆ ಬೆಳಿಗ್ಗೆ, ಕತ್ತರಿಸಬೇಕು. ಗಿರಾಕಿ ಕೇಳಿದ್ದು ಅದನ್ನೇ.

ಎರಡನೆಯ ಉತ್ತರ. ನಮಸ್ಕಾರ. ಮೂರನೆಯದು. ನಮಸ್ಕಾರ.

“ವಿಕಾಸ್, ನಮಸ್ಕಾರ ಕಂಡರೆ ನಿನ್ನ ಪ್ರೋಗ್ರಾಮ್ ಎಂತ ಮಾಡುತ್ತದೆ?”

“ಖಾನೆಯ ಹೊರಗೆ ಮಾತು ಕಂಡರೆ ಮುಂದೆ ಓದುವುದೇ ಇಲ್ಲ. ಸೊನ್ನೆ ಹಾಕುತ್ತದೆ.” ಅವನು ತಲೆ ಕೆರೆದುಕೊಂಡ.

“ಹಾಗಾದರೆ ಪ್ರಶ್ನೆ ಒಂದೇ. ನಿನ್ನೆ ತೆಪ್ಪಗೆ ಖಾನೆ ತುಂಬಿದ ಮಾಡೆಲ್‌ಗೆ ಇಷ್ಟು ವಿನಯ ಕಲಿಸಿದವರು ಯಾರು? ನೀವೆಲ್ಲ ಆ ನಮಸ್ಕಾರ ನೋಡುತ್ತಿದ್ದೀರಿ. ನಾನು ಅದರ ಪಕ್ಕದ ಪದ ನೋಡುತ್ತಿದ್ದೇನೆ. ‘ತಮ್ಮ’. ಮಾಡೆಲ್ ಕೇಳಿದವರ ಧಾಟಿಯಲ್ಲೇ ಉತ್ತರ ಕೊಡುತ್ತದೆ. ನಾವಿಲ್ಲಿ ನೀನು ಅನ್ನುತ್ತೇವೆ, ಹಿರಿಯರಿಗೆ ನೀವು ಅನ್ನುತ್ತೇವೆ. ತಾವು ಅನ್ನುವವರು ಈ ಕಚೇರಿಯಲ್ಲಿ ಒಬ್ಬರೇ.”

ಎಲ್ಲರೂ ಅನಂತೇಶ ಮಾಸ್ಟ್ರ ಕಡೆ ತಿರುಗಿದೆವು.

“ಮಾಸ್ಟ್ರೇ, ಮೆಸೇಜ್ ಮುಟ್ಟಿಲ್ಲ ಅಂದಿರಿ, ಅದು ನಿಜ. ಆದರೆ ಮೆಸೇಜಿಗಿಂತ ಮೊದಲು ಮಾಡೆಲ್‌ಗೆ ಒಂದು ಸೂಚನೆ ಕೊಡುತ್ತೇವಲ್ಲ, ಅದು?”

ಮಾಸ್ಟ್ರು ಕನ್ನಡಕ ತೆಗೆದರು. “ಅದರಲ್ಲಿ ‘ಖಾನೆ ತುಂಬು, ಬೇರೇನೂ ಬರೆಯಬೇಡ’ ಎಂದಿತ್ತು. ಆಳಿಗೂ ಹಾಗೆ ಹೇಳಬಾರದು. ‘ತಾವು ದಯವಿಟ್ಟು ಐದು ಖಾನೆಗಳನ್ನು ತುಂಬಿಕೊಡಬೇಕಾಗಿ ವಿನಂತಿ’ ಎಂದು ನಿನ್ನೆ ಸಂಜೆ ಹೊರಡುವ ಮೊದಲು ತಿದ್ದಿದೆ. ನಾನು ಕೆಡಿಸಿಬಿಟ್ಟೆನೇ?”

ಮೊದಲು ನಕ್ಕವಳು ಗಾನವಿ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

“ಆದರೆ ದೊಡ್ಡ ಮಾಡೆಲ್ ಯಾಕೆ ನಮಸ್ಕಾರ ಹೇಳಲಿಲ್ಲ?” ನಾನು ಕೇಳಿದೆ.

ವಿಕಾಸ್ ಮೆಲ್ಲಗೆ ಹೇಳಿದ: “ಖಾನೆ ಬಿಟ್ಟು ಹೊರಗೆ ಬರೆಯಲು ಬಿಡದ ಕಡಿವಾಣ ಅದರಲ್ಲೇ ಉಂಟು. ಅದನ್ನು ಆನ್ ಮಾಡಿದ್ದೆ. ಗಾನವಿಯದಕ್ಕೂ ಹಾಕಬಹುದಿತ್ತು. ನನಗೆ ಹೊಳೆಯಲೇ ಇಲ್ಲ.”

“ಹಾಗಾದರೆ ಅಪರಾಧಿಗಳು ಇಬ್ಬರು,” ಸುಭಾಷಿಣಿ ಎದ್ದರು. “ಮರ್ಯಾದೆ ಹೆಚ್ಚಾದ ಮಾಸ್ಟ್ರು. ಮತ್ತೆ, ಇಬ್ಬರನ್ನು ಓಡಿಸಿ ಒಬ್ಬನಿಗೆ ಮಾತ್ರ ಶೂ ಕೊಟ್ಟ ವಿಕಾಸ್. ಗಾನವಿಯದಕ್ಕೂ ಕಡಿವಾಣ ಹಾಕು ಮಾರಾಯ, ಎರಡಕ್ಕೂ ಮತ್ತೊಮ್ಮೆ ಪರೀಕ್ಷೆ ಮಾಡುವ. ಮಾಸ್ಟ್ರ ವಿನಂತಿ ಹಾಗೇ ಇರಲಿ. ಗಿರಾಕಿಗಳೂ ಮರ್ಯಾದೆಯಿಂದಲೇ ಮಾತಾಡುತ್ತಾರೆ. ಅದಕ್ಕೆ ಕರಗಿಹೋಗುವ ಮಾಡೆಲ್ ಅಂಗಡಿಗೆ ಆಗುವುದಿಲ್ಲ.”

ಸುಗಂಧಿಯವರು ಮೆಟ್ಟಿಲು ಹತ್ತಿ ಬರುವಾಗ ಹೊಸ ಅಂಕ ಬಂದಿತ್ತು. ದೊಡ್ಡದಕ್ಕೆ ಎಂಬತ್ತೆಂಟು. ಗಾನವಿಯದಕ್ಕೆ ತೊಂಬತ್ತನಾಲ್ಕು.

“ಅಂಕ ಇರಲಿ, ನಾನೇ ಒಮ್ಮೆ ನೋಡುತ್ತೇನೆ,” ಎಂದು ಅವರು ಫೋನ್ ತೆಗೆದು ಉದ್ದಕ್ಕೆ ಟೈಪ್ ಮಾಡಿದರು. ಎಲ್ಲರ ಕ್ಷೇಮ ಸಮಾಚಾರ, ಅತ್ತೆಯ ಮೊಣಕಾಲು ನೋವು, ಹೆಜಮಾಡಿಯ ನಾದಿನಿ ನಾಳೆ ಊಟಕ್ಕೆ ಬರುವುದು, ಅವಳ ಗಂಡನಿಗೆ ಅಂಜಲ್ ಅಂದರೆ ಪ್ರಾಣ, ಹಾಗಾಗಿ ಒಂದೂವರೆ ಕಿಲೋ ಕತ್ತರಿಸಿ ಹತ್ತು ಗಂಟೆಯೊಳಗೆ ಕಾಪುವಿನ ಮನೆಗೆ.

ಗಾನವಿ ಪರದೆಯತ್ತ ಬಾಗಿದಳು. ಅವಳ ಮಾಡೆಲ್ ಐದು ಖಾನೆ ತುಂಬಿತು. ಅಂಜಲ್. ಒಂದೂವರೆ ಕಿಲೋ. ಕಾಪು. ನಾಳೆ ಹತ್ತರೊಳಗೆ. ಕತ್ತರಿಸಬೇಕು.

ಸುಗಂಧಿಯವರು ಕೆಳಗೆ ಮೇಲೆ ಹುಡುಕಿದರು. “ಅತ್ತೆಯ ಮೊಣಕಾಲು ಎಲ್ಲಿ ಹೋಯಿತು?”

“ಅದಕ್ಕೆ ಖಾನೆ ಇಲ್ಲ ಅಕ್ಕ,” ಎಂದಳು ಗಾನವಿ.

“ಒಳ್ಳೆಯದೇ ಆಯಿತು. ಇದೇ ಇರಲಿ, ಸೋಮವಾರದಿಂದ ಶುರು ಮಾಡುವ.”

ಗಾನವಿ ಹೊರಗೆ ಓಡಿದಳು. ಮೆಟ್ಟಿಲ ಮೇಲೆ ನಿಂತು ಕಾರ್ಕಳಕ್ಕೆ ಫೋನ್ ಹಚ್ಚಿ, ಅಮ್ಮನಿಗೆ ತುಳುವಿನಲ್ಲಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳತೊಡಗಿದಳು.